ಕೈ ಬಂದ ದಾರಿ, ಕಾಲು ಹೋದ ದಾರಿ

ಕಾಲೇಜಿನ ಜೀವಶಾಸ್ತ್ರದ ಯಾವುದಾದರೂ ಪ್ರಶ್ನಕೋಶ ತೆರೆದು ನೋಡಿ. ತಳಿಶಾಸ್ತ್ರದ ಘಟಕದಲ್ಲಿ ಒಂದು ಪ್ರಶ್ನೆ ಇರುತ್ತದೆ: ಜೀನ್ ಯಾವಾಗ ಕೆಲಸ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ನಿಯಂತ್ರಿಸುವುದು ಯಾವುದು? ಹತ್ತಾರು ಪುಟ ದಾಟಿದ ಮೇಲೆ ಪ್ರೋಟೀನುಗಳ ಘಟಕದಲ್ಲಿ ಇನ್ನೊಂದು: ಸಂಕೇತ ಒಯ್ಯುವ ಪ್ರೋಟೀನಿಗೆ ಉದಾಹರಣೆ ಕೊಟ್ಟು ವಿವರಿಸಿ. ಅಂಗರಚನೆಯ ಘಟಕದಲ್ಲಿ ಮತ್ತೊಂದು: ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ, ಮನುಷ್ಯನ ಕೈ, ಇವುಗಳ ಮೂಳೆಗಳನ್ನು ಹೋಲಿಸಿ ಚಿತ್ರ ಬರೆಯಿರಿ. ಮಕ್ಕಳು ಮೂರನ್ನೂ ಮೂರು ಬೇರೆ ದಿನ ಓದುತ್ತಾರೆ, ಮೂರು ಬೇರೆ ಉತ್ತರ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮೂರನ್ನೂ ಮರೆಯುತ್ತಾರೆ. ಬೆಳಗಾವಿಯ ಕಾಲೇಜೊಂದರಲ್ಲಿ ಈ ವಿಷಯ ಕಲಿಸುತ್ತ ಬಂದಿರುವ ನಾನು ಹೇಳಬೇಕೆಂದಿರುವುದು ಇಷ್ಟೆ: ಈ ಮೂರೂ ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ನಮ್ಮ ಖಾನಾಪುರ ತಾಲ್ಲೂಕಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಕಣಕುಂಬಿ ಎಂದರೆ ಮಲಪ್ರಭೆ ಹುಟ್ಟುವ ಊರು. ಬೆಳಗಾವಿಯಿಂದ ಜಾಂಬೋಟಿ ಹಾಯ್ದು, ಚೋರ್ಲಾ ಘಾಟಿ ಇಳಿದು ಗೋವಾಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಪಕ್ಕದ ಇಳಿಜಾರಿನ ನೀರು ಮಹಾದಾಯಿಯ ಪಾಲಾಗಿ ಪಶ್ಚಿಮಕ್ಕೆ ಹೋಗುತ್ತದೆ. ಕಳಸಾ ನಾಲೆಯ ಸುದ್ದಿಯಿಂದಾಗಿ ಪತ್ರಿಕೆ ಓದುವವರಿಗೆಲ್ಲ ಈ ಊರಿನ ಹೆಸರು ಪರಿಚಯ. ಆ ಕಡೆಯ ಮಕ್ಕಳು ನಮ್ಮ ಕಾಲೇಜಿಗೆ ಬರುತ್ತಾರೆ. ಮನೆಯಲ್ಲಿ ಮರಾಠಿಯೋ ಕೊಂಕಣಿಯೋ, ಬಸ್ಸಿನಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು. ತರಗತಿಯಲ್ಲಿ ಕೈ ಎತ್ತಿ ಕೇಳಲು ಹಿಂಜರಿಯುತ್ತಾರೆ. ಆದರೆ ಕಾಡಿನ ಅಂಚಿನಲ್ಲಿ ಬೆಳೆದವರಾದ್ದರಿಂದ ಅವರ ಕಣ್ಣಿಗೆ ಬೀಳುವುದು ಪೇಟೆಯ ಮಕ್ಕಳ ಕಣ್ಣಿಗೆ ಬೀಳುವುದಿಲ್ಲ.

ಒಂದು ಮಳೆಗಾಲದಲ್ಲಿ ಕಣಕುಂಬಿಯ ಹುಡುಗನೊಬ್ಬ ಪಾಠ ಮುಗಿದ ಮೇಲೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಗೊಬ್ಬರದ ಗುಂಡಿ ಕೆದರುವಾಗ ಸಿಕ್ಕಿದ್ದಂತೆ. "ಮೇಡಂ, ಇದು ಹಾವೂ ಅಲ್ಲ, ಎರೆಹುಳಾನೂ ಅಲ್ಲ. ಬಾಯಾಗ ಹಲ್ಲ ಅದಾವು. ಮತ್ತ ಏನಿದು?" ಎಂದ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೈತುಂಬ ಉಂಗುರ ಉಂಗುರ ಗೆರೆ. ಬಣ್ಣ ಕಂದು, ಬೂದು, ನೇರಳೆಯ ನಡುವಿನದು. ತಲೆ ಮೊಂಡಾಗಿ, ಮೇಲಿನ ದವಡೆ ಕೆಳಗಿನದಕ್ಕಿಂತ ಮುಂದೆ ಚಾಚಿದೆ. ಕಣ್ಣೆಂದು ಗುರುತಿಸಬಹುದಾದದ್ದು ಏನೂ ಇಲ್ಲ. ಎರೆಹುಳಕ್ಕೆ ದವಡೆ ಇರುವುದಿಲ್ಲ, ಹಾವಿನ ಮೈಮೇಲೆ ಪೊರೆ ಹೊಳೆಯುತ್ತಿರುತ್ತದೆ. ಇದರ ಚರ್ಮ ಕಪ್ಪೆಯ ಚರ್ಮದ ಹಾಗೆ ಒದ್ದೆ. ಪಿಯು ಪುಸ್ತಕದ ಪ್ರಾಣಿ ಸಾಮ್ರಾಜ್ಯದ ಅಧ್ಯಾಯದಲ್ಲಿ ಕಪ್ಪೆ, ನೆಲಗಪ್ಪೆಗಳ ಸಾಲಿನ ಕೊನೆಗೆ ಇಕ್ತಿಯೋಫಿಸ್ ಎಂಬ ಹೆಸರು ಬರುತ್ತದೆ, ಪಕ್ಕದಲ್ಲಿ 'ಕಾಲಿಲ್ಲದ ಉಭಯವಾಸಿ' ಎಂದು ಒಂದೇ ಮಾತು. ಆ ಒಂದು ಮಾತನ್ನು ಪಾಠ ಮಾಡಿ ಮುಂದೆ ಹೋಗುವುದು ವಾಡಿಕೆ. ಹುಡುಗ ತೋರಿಸಿದ್ದು ಅದೇ ಬಳಗದ ಪ್ರಾಣಿ. ಇವುಗಳಿಗೆ ಸಿಸಿಲಿಯನ್ ಎಂದು ಹೆಸರು.

ಈ ಬಳಗದ ಒಂದು ಪ್ರಭೇದವಂತೂ ನಮ್ಮ ತಾಲ್ಲೂಕಿನಿಂದಲೇ ಜಗತ್ತಿಗೆ ಪರಿಚಯವಾಯಿತು. ಕಣಕುಂಬಿಯಿಂದ ಗೋವಾ ದಿಕ್ಕಿಗೆ ಸಾಗಿದರೆ ಸಿಗುವ ಚೋರ್ಲಾ ಗ್ರಾಮದಲ್ಲಿ ಸಿಕ್ಕ ಸಿಸಿಲಿಯನ್ ಅನ್ನು 2007ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದವರು ಗೋಪಾಲಕೃಷ್ಣ ಭಟ್ಟ, ಕೆ.ಪಿ. ದಿನೇಶ್, ಪಿ. ಪ್ರಶಾಂತ್ ಮತ್ತು ನಿರ್ಮಲ್ ಕುಲಕರ್ಣಿ. ಮಹಾದಾಯಿಯ ಹೆಸರನ್ನೇ ಇಟ್ಟು ಗೆಗೆನಿಯೋಫಿಸ್ ಮ್ಹಾದೆಯೆನ್ಸಿಸ್ ಎಂದು ಕರೆದರು. ಇವರಲ್ಲಿ ಭಟ್ಟರು ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವರು. ಇದನ್ನು ನಾನು ಪ್ರತಿ ತಂಡದ ಮಕ್ಕಳಿಗೂ ಒತ್ತಿ ಹೇಳುತ್ತೇನೆ. ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ ಇದ್ದರೆ ಮಾತ್ರ ವಿಜ್ಞಾನ ಎಂದು ಅವರು ನಂಬಿಬಿಟ್ಟಿರುತ್ತಾರೆ. ನಮ್ಮ ನಿಮ್ಮ ಹಾಗೆ ಹಾಜರಿ ಕೂಗಿ, ಉತ್ತರಪತ್ರಿಕೆ ತಿದ್ದುವ ಮೇಷ್ಟ್ರೊಬ್ಬರು ಮಣ್ಣು ಕೆದರಿ, ಉಂಗುರ ಎಣಿಸಿ, ಹಲ್ಲು ನೋಡಿ ಹೊಸ ಪ್ರಭೇದ ಗುರುತಿಸಿದರು ಎಂದರೆ ಅವರ ಮುಖ ಬೇರೆಯಾಗುತ್ತದೆ.

ಗೆಗೆನಿಯೋಫಿಸ್ ಗುಂಪಿನ ಸಿಸಿಲಿಯನ್ನುಗಳ ಕಣ್ಣು ತಲೆಬುರುಡೆಯ ಮೂಳೆಯ ಕೆಳಗೆ ಮುಚ್ಚಿಹೋಗಿರುತ್ತದೆ. ಕಣ್ಣಿನ ಕೆಲಸಕ್ಕೆ ಬದಲಾಗಿ ಮೂತಿಯ ಎರಡೂ ಬದಿಗೆ ಒಂದೊಂದು ಪುಟ್ಟ ಮೀಸೆಯಂಥ ಅಂಗ ಇದೆ; ಅದನ್ನು ಹೊರಚಾಚಿ ಮಣ್ಣಿನ ವಾಸನೆ ಹಿಡಿಯುತ್ತದೆ. ಬುರುಡೆಯ ಮೂಳೆಗಳು ಒಂದಕ್ಕೊಂದು ಬಿಗಿದುಕೊಂಡು ಗಟ್ಟಿಯಾಗಿವೆ, ಏಕೆಂದರೆ ಇದು ತಲೆಯಿಂದಲೇ ನೆಲ ಅಗೆಯಬೇಕು. ಕಾಲಿನ ಮಾತಿಗೆ ಬಂದರೆ, ಕಾಲು ಇಲ್ಲ, ಕಾಲು ಕೂರಬೇಕಾದ ಸೊಂಟದ ಮೂಳೆ ಇಲ್ಲ, ಭುಜದ ಮೂಳೆ ಇಲ್ಲ. ಇವುಗಳ ಪೂರ್ವಜರಿಗೆ ಇತ್ತು. ಅಮೆರಿಕದ ಅರಿಜೋನಾದಲ್ಲಿ ಸಿಕ್ಕ ಜುರಾಸಿಕ್ ಕಾಲದ ಒಂದು ಪಳೆಯುಳಿಕೆಯನ್ನು 1993ರಲ್ಲಿ ಜೆಂಕಿನ್ಸ್ ಮತ್ತು ವಾಲ್ಶ್ ವಿವರಿಸಿದರು. ಇಯೊಸಿಸಿಲಿಯಾ ಎಂಬ ಆ ಪ್ರಾಣಿಗೆ ನಾಲ್ಕು ಚಿಕ್ಕ ಕಾಲುಗಳಿದ್ದವು.

ಹಾಗಾದರೆ ಕಾಲು ಹೋದದ್ದು ಹೇಗೆ? ಹುಡುಗನ ಎರಡನೆಯ ಪ್ರಶ್ನೆ ಇದೇ ಆಗಿತ್ತು. ಇದಕ್ಕೆ ಉತ್ತರ ಹೇಳಲು ಮೊದಲು ಕಾಲು ಬರುವುದು ಹೇಗೆ ಎಂದು ಹೇಳಬೇಕು.

ಈಗ ಪದವಿ ತರಗತಿಗಳಲ್ಲಿ ಕಪ್ಪೆ ಕೊಯ್ಯುವುದು ನಿಂತಿದೆ. ಅಂಗರಚನೆ ಕಲಿಸಲು ನಾನು ಮಕ್ಕಳಿಗೆ ತಮ್ಮ ಕೈಯನ್ನೇ ಮೇಜಿನ ಮೇಲೆ ಇಡಲು ಹೇಳುತ್ತೇನೆ. ಇನ್ನೊಂದು ಕೈಯ ಬೆರಳಿನಿಂದ ಒತ್ತುತ್ತ ಎಣಿಸಬೇಕು. ತೋಳಿನಲ್ಲಿ ಒಂದೇ ಮೂಳೆ. ಮೊಣಕೈ ದಾಟಿದರೆ ಎರಡು. ಮಣಿಕಟ್ಟಿನಲ್ಲಿ ಎಂಟು ಚಿಕ್ಕವು. ಅವು ಒತ್ತಿದರೆ ಬೇರೆಬೇರೆಯಾಗಿ ಸಿಗುವುದಿಲ್ಲ, ಚಿತ್ರ ನೋಡಿಯೇ ನಂಬಬೇಕು. ಅಂಗೈಯಲ್ಲಿ ಐದು. ಬೆರಳುಗಳಲ್ಲಿ ಹೆಬ್ಬೆರಳಿಗೆ ಎರಡು, ಉಳಿದವಕ್ಕೆ ಮೂರು ಮೂರು, ಒಟ್ಟು ಹದಿನಾಲ್ಕು. ಮಣಿಕಟ್ಟಿನಿಂದ ಬೆರಳ ತುದಿವರೆಗೆ 27 ಮೂಳೆ. ಒಂದು, ಎರಡು, ಒಂದಿಷ್ಟು ಚಿಕ್ಕವು, ಆಮೇಲೆ ಐದು ಸಾಲು: ಈ ಲೆಕ್ಕ ನೆನಪಿದ್ದರೆ ಸಾಕು, ನಾಯಿಯ ಮುಂಗಾಲು, ತಿಮಿಂಗಿಲದ ಈಜುರೆಕ್ಕೆ, ಬಾವಲಿಯ ರೆಕ್ಕೆ ಎಲ್ಲ ಓದಬಹುದು.

ಬಾವಲಿಯ ಉದಾಹರಣೆಗೂ ನಾವು ದೂರ ಹೋಗಬೇಕಿಲ್ಲ. ಭೀಮಗಡದ ಕಾಡಿನಲ್ಲಿ, ತಳೇವಾಡಿಯ ಹತ್ತಿರ ಬಾರಾಪೇಡೆ ಗುಹೆಗಳಿವೆ. ಅಲ್ಲಿ ವ್ರಾಟನ್ನನ ಬಾವಲಿ ಎಂಬ ಅಪರೂಪದ ಪ್ರಾಣಿ ವಾಸಿಸುತ್ತದೆ. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಇದನ್ನು ಹೊಸ ಪ್ರಭೇದವೆಂದು ವಿವರಿಸಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸಮೀಕ್ಷೆಗಾಗಿ ದುಡಿದ ವ್ರಾಟನ್ ಅವರ ಹೆಸರಿಟ್ಟರು. ದಶಕಗಟ್ಟಲೆ ಕಾಲ ಇಡೀ ಜಗತ್ತಿನಲ್ಲಿ ಈ ಬಾವಲಿಯ ನೆಲೆಯೆಂದು ಗೊತ್ತಿದ್ದುದು ಇದೊಂದೇ ಜಾಗ. ಮೇಘಾಲಯ ಮತ್ತು ಕಾಂಬೋಡಿಯಾದಲ್ಲಿ ಕಂಡದ್ದು ಬಹಳ ತಡವಾಗಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗೆ ಸಿಗುವ ಮೊದಲ ಅನುಸೂಚಿಯ ರಕ್ಷಣೆಯೇ ಇದಕ್ಕೂ ಇದೆ. 2011ರಲ್ಲಿ ಭೀಮಗಡ ಅಭಯಾರಣ್ಯ ಘೋಷಣೆಯಾದಾಗ ಈ ಬಾವಲಿಯ ಹೆಸರು ಮತ್ತೆಮತ್ತೆ ಕೇಳಿಬಂತು. ಗುಹೆಗೆ ಹೋಗಿ ತೊಂದರೆ ಕೊಡಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ; ಚಿತ್ರಗಳಲ್ಲಿ ನೋಡಿದರೆ ಸಾಕು. ದೊಡ್ಡ ಕಿವಿ, ಮಖಮಲ್ಲಿನಂಥ ಕಂದು ತುಪ್ಪಳ, ಚರ್ಮದ ಪೊರೆಯಿಂದ ಹೊರಕ್ಕೆ ಚಾಚಿದ ಬಾಲ. ರೆಕ್ಕೆ ಬಿಚ್ಚಿದಾಗ ಅದೇ ಲೆಕ್ಕ: ತೋಳಿನಲ್ಲಿ ಒಂದು, ಮುಂಗೈಯಲ್ಲಿ ಎರಡು, ಅದರಲ್ಲಿ ಒಂದು ಸವೆದು ಎಳೆಯಾಗಿದೆ. ಹೆಬ್ಬೆರಳು ಉಗುರಿನೊಂದಿಗೆ ಬಿಡಿಯಾಗಿ ನಿಂತಿದೆ. ಉಳಿದ ನಾಲ್ಕು ಬೆರಳು ಉದ್ದಕ್ಕೆ ಬೆಳೆದು ಚರ್ಮವನ್ನು ಹಿಡಿದು ನಿಲ್ಲಿಸಿವೆ. ಬಾವಲಿ ಹಾರುವುದು ಅಂಗೈಯಿಂದ.

ಇಲ್ಲಿಗೆ ಅಂಗರಚನೆಯ ಉತ್ತರ ಮುಗಿಯಿತು ಎಂದು ಮಕ್ಕಳು ಪುಸ್ತಕ ಮುಚ್ಚುತ್ತಾರೆ. ನನಗೆ ಕಳವಳ ಆಗುವುದು ಅಲ್ಲೇ. ಐದು ಬೆರಳು ಒಂದೇ ಬಗೆಯಲ್ಲಿ ಜೋಡಣೆಯಾಗಲು ಯಾರೋ ಲೆಕ್ಕ ಇಟ್ಟಿರಬೇಕಲ್ಲ?

ಗರ್ಭದಲ್ಲಿ ಕೈ ಹುಟ್ಟುವಾಗ ಅದೊಂದು ಮೊಗ್ಗು, ಬೆರಳಿಲ್ಲದ ಚಪ್ಪಟೆ ಮೊಗ್ಗು. ಮುಂದೆ ಕಿರುಬೆರಳು ಬರುವ ಕಡೆಯ ಅಂಚಿನಲ್ಲಿ ಒಂದಿಷ್ಟು ಜೀವಕೋಶಗಳಿರುತ್ತವೆ. 1968ರಲ್ಲಿ ಜಾನ್ ಸಾಂಡರ್ಸ್ ಮತ್ತು ಮೇರಿ ಗ್ಯಾಸೆಲಿಂಗ್ ಕೋಳಿಯ ಭ್ರೂಣದಲ್ಲಿ ಆ ಕೋಶಗಳನ್ನು ಕಿತ್ತು ಇನ್ನೊಂದು ರೆಕ್ಕೆಯ ಮೊಗ್ಗಿನ ಎದುರು ಅಂಚಿಗೆ ನೆಟ್ಟರು. ಕೋಳಿಯ ರೆಕ್ಕೆಗೆ ಇರುವ ಬೆರಳು ಮೂರೇ. ನೆಟ್ಟ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ಎರಡು ಕಡೆಯಿಂದಲೂ ಬೆರಳು ಬಂದವು. ಆ ಕೋಶಗಳು ಏನನ್ನೋ ಸೂಸುತ್ತಿವೆ, ಅದು ಹತ್ತಿರದಲ್ಲಿ ಹೆಚ್ಚು, ದೂರದಲ್ಲಿ ಕಡಿಮೆ, ಆ ಪ್ರಮಾಣ ನೋಡಿಯೇ ಯಾವ ಬೆರಳಾಗಬೇಕೆಂದು ತೀರ್ಮಾನವಾಗುತ್ತದೆ ಎಂದು ವಿಜ್ಞಾನಿಗಳು ತರ್ಕಿಸಿದರು. ಅದು ಯಾವ ವಸ್ತು ಎಂದು ತಿಳಿಯಲು ಕಾಲು ಶತಮಾನ ಹಿಡಿಯಿತು.

1993ರಲ್ಲಿ ಕ್ಲಿಫ್ ಟ್ಯಾಬಿನ್ ಅವರ ತಂಡ ಅದು ಸೋನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನು ಎಂದು ತೋರಿಸಿತು. ಹಣ್ಣುನೊಣದಲ್ಲಿ ಇದರ ಮೂಲ ಜೀನ್ ಕಂಡುಹಿಡಿದ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಷಾಸ್ ಅವರಿಗೆ 1995ರ ನೊಬೆಲ್ ಬಂತು. ಆ ಜೀನ್ ಕೆಟ್ಟ ಮರಿಹುಳ ಮುಳ್ಳುಮುಳ್ಳಾಗಿ ಕಂಡದ್ದರಿಂದ ಹೆಡ್ಜ್‌ಹಾಗ್ ಎಂದಿಟ್ಟರು. ಬೆನ್ನೆಲುಬಿನ ಪ್ರಾಣಿಗಳಲ್ಲಿ ಸಿಕ್ಕ ಅದರ ಬಂಧುವಿಗೆ ವಿಡಿಯೊ ಗೇಮಿನ ಪಾತ್ರವೊಂದರ ಹೆಸರು ಬಂತು. ಮನುಷ್ಯರಲ್ಲಿ ಇದರ ಜೀನ್ ಏಳನೆಯ ವರ್ಣತಂತುವಿನ ಮೇಲಿದೆ. 462 ಅಮೈನೊ ಆಮ್ಲಗಳ ಸರಪಳಿಯಾಗಿ ತಯಾರಾಗುವ ಈ ಪ್ರೋಟೀನು ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಮುಂದಿನ ತುಂಡು ತನ್ನ ತುದಿಗೆ ಒಂದು ಕೊಲೆಸ್ಟೆರಾಲ್ ಅಣುವನ್ನು ಅಂಟಿಸಿಕೊಂಡು ಸಂಕೇತವಾಗಿ ಹೊರಡುತ್ತದೆ. ಹೃದಯದ ವೈರಿ ಎಂದಷ್ಟೇ ಕೇಳಿರುವ ಕೊಲೆಸ್ಟೆರಾಲು ನಮ್ಮ ಬೆರಳು ಮೂಡುವ ಕೆಲಸದಲ್ಲಿ ಇದೆ ಎಂದಾಗ ಮಕ್ಕಳು ಪೆನ್ನು ಕೆಳಗಿಟ್ಟು ಕೇಳುತ್ತಾರೆ. ಕಿರುಬೆರಳಿನ ಭಾಗದ ಕೋಶಗಳಿಗೆ ಈ ಪ್ರೋಟೀನು ಹೆಚ್ಚು ಹೊತ್ತು, ಹೆಚ್ಚು ಪ್ರಮಾಣದಲ್ಲಿ ಸಿಗುತ್ತದೆ. ದೂರದಲ್ಲಿರುವ ಹೆಬ್ಬೆರಳು ಇದಿಲ್ಲದೆಯೂ ಮೂಡಬಲ್ಲದು.

ಈಗ ತಳಿಶಾಸ್ತ್ರಕ್ಕೆ ಬಂದೆವು. ಸೋನಿಕ್ ಹೆಡ್ಜ್‌ಹಾಗ್ ಬೇಕಾಗುವುದು ಕೈಗೆ ಮಾತ್ರವಲ್ಲ. ಮಿದುಳು, ಬೆನ್ನುಹುರಿ, ಹಲ್ಲು, ಶ್ವಾಸಕೋಶ ಎಲ್ಲಕ್ಕೂ ಬೇಕು. ಜೀನೇ ಪೂರ್ತಿ ಹೋದರೆ ಇಲಿಯ ಭ್ರೂಣ ಮುಖದ ನಡುವೆ ಒಂದೇ ಕಣ್ಣಾಗಿ ಬೆಳೆದು, ಬದುಕದೆ ಹೋಗುತ್ತದೆ. ಹಾಗಿದ್ದ ಮೇಲೆ ಸಿಸಿಲಿಯನ್ ಈ ಜೀನ್ ಕಳೆದುಕೊಂಡಿರಲು ಸಾಧ್ಯವಿಲ್ಲ. ಅದಕ್ಕೆ ಮಿದುಳಿದೆ, ಬೆನ್ನುಹುರಿ ಇದೆ, ಹಲ್ಲಂತೂ ಹುಡುಗನೇ ಕಂಡಿದ್ದ.

ಹೊಲಮನೆಗಳಲ್ಲಿ ಒಂದೇ ಮೋಟಾರಿಗೆ ಎರಡು ಮೂರು ಕಡೆ ಸ್ವಿಚ್ಚು ಇಡುವುದುಂಟು, ಬಾವಿಯ ಹತ್ತಿರ ಒಂದು, ಮನೆಯ ಪಡಸಾಲೆಯಲ್ಲಿ ಒಂದು. ಪಡಸಾಲೆಯ ಸ್ವಿಚ್ಚು ಸುಟ್ಟರೆ ಮೋಟಾರು ಕೆಡುವುದಿಲ್ಲ; ಅಲ್ಲಿಂದ ಅದನ್ನು ಹಚ್ಚಲು ಬರುವುದಿಲ್ಲ, ಅಷ್ಟೆ. ಡಿಎನ್‌ಎಯಲ್ಲಿಯೂ ಜೀನ್ ಬೇರೆ, ಅದನ್ನು ಹಚ್ಚುವ ತುಣುಕು ಬೇರೆ. ಈ ತುಣುಕುಗಳಿಗೆ ಎನ್‌ಹಾನ್ಸರ್ ಎನ್ನುತ್ತಾರೆ. ಕೈಕಾಲಿನ ಮೊಗ್ಗಿನಲ್ಲಿ ಮಾತ್ರ ಸೋನಿಕ್ ಹೆಡ್ಜ್‌ಹಾಗ್ ಜೀನನ್ನು ಹಚ್ಚುವ ಎನ್‌ಹಾನ್ಸರಿಗೆ ಜೆಡ್‌ಆರ್‌ಎಸ್ ಎಂದು ಹೆಸರು. ಉದ್ದ ಸುಮಾರು 800 ಅಕ್ಷರ. ಅದು ಇರುವ ಜಾಗವೇ ಅಚ್ಚರಿಯದು: ಜೀನಿನಿಂದ ಹತ್ತಿರಹತ್ತಿರ ಹತ್ತು ಲಕ್ಷ ಅಕ್ಷರ ದೂರದಲ್ಲಿ, ಬೇರೆಯೇ ಒಂದು ಜೀನಿನ ಹೊಟ್ಟೆಯೊಳಗೆ. ಡಿಎನ್‌ಎ ಮಡಚಿಕೊಂಡು ಎರಡನ್ನೂ ಹತ್ತಿರ ತರುತ್ತದೆ. 2005ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಯಲ್ಲಿ ಈ ಒಂದು ತುಣುಕನ್ನು ಮಾತ್ರ ತೆಗೆದುಹಾಕಿದರು. ಇಲಿಯ ಮುಖ ಸರಿಯಾಗಿತ್ತು, ಮಿದುಳು ಸರಿಯಾಗಿತ್ತು. ಕೈಕಾಲು ಮಾತ್ರ ಮೊಟಕಾಗಿ ನಿಂತವು.

2016ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಎವ್‌ಗೆನಿ ಕ್ವಾನ್, ಆಕ್ಸೆಲ್ ವಿಸೆಲ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಇಲಿಯ ಜೆಡ್‌ಆರ್‌ಎಸ್ ತೆಗೆದು ಆ ಜಾಗದಲ್ಲಿ ಮನುಷ್ಯನದನ್ನು ಇಟ್ಟರು. ಇಲಿಗೆ ಸರಿಯಾದ ಕಾಲು ಬಂತು. ಸೀಲಕಾಂತ್ ಎಂಬ ಪುರಾತನ ಮೀನಿನದನ್ನು ಇಟ್ಟರು. ಆಗಲೂ ಕಾಲು ಬಂತು. ನಾಗರಹಾವಿನದನ್ನು ಇಟ್ಟರು, ಹೆಬ್ಬಾವಿನದನ್ನು ಇಟ್ಟರು, ಕಾಲು ಮೋಟಾಯಿತು. ಹಾವಿನ ತುಣುಕಿನಲ್ಲಿ 17 ಅಕ್ಷರ ಕಳೆದುಹೋಗಿದ್ದವು. ಹೆಬ್ಬಾವಿನ ತುಣುಕಿಗೆ ಆ 17 ಅಕ್ಷರ ಮರಳಿ ಸೇರಿಸಿ ಇಟ್ಟಾಗ ಇಲಿಗೆ ಮತ್ತೆ ಕಾಲು ಮೂಡಿತು. ಇದನ್ನು ಓದಿದ ದಿನ ಎಷ್ಟು ಹೊತ್ತಾದರೂ ನನಗೆ ನಿದ್ದೆ ಬರಲಿಲ್ಲ.

ಸಿಸಿಲಿಯನ್ ಕತೆ 2023ರಲ್ಲಿ ಬಂತು. ಆಫ್ರಿಕಾದ ಒಂದು ಮತ್ತು ದಕ್ಷಿಣ ಅಮೆರಿಕದ ಒಂದು ಸಿಸಿಲಿಯನ್ನಿನ ಇಡೀ ಜೀನೋಮ್ ಓದಿ ನೋಡಿದರೆ, ಜೆಡ್‌ಆರ್‌ಎಸ್ ತುಣುಕು ಇರಲೇ ಇಲ್ಲ. ಒಂದರ ಜೀನೋಮಿನಲ್ಲಿ 380 ಕೋಟಿ ಅಕ್ಷರ, ಇನ್ನೊಂದರಲ್ಲಿ 470 ಕೋಟಿ. ಮನುಷ್ಯನ ಸುಮಾರು 310 ಕೋಟಿಗಿಂತ ಹೆಚ್ಚು. ಅಷ್ಟೆಲ್ಲ ಇದ್ದೂ ಈ 800 ಅಕ್ಷರ ಇಲ್ಲ. ಹಾವು ಸರೀಸೃಪ, ಸಿಸಿಲಿಯನ್ ಕಪ್ಪೆಯ ಬಂಧು. ಇಬ್ಬರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ಕಾಲು ಕಳೆದುಕೊಂಡವರು. ಕೆಟ್ಟದ್ದು ಮಾತ್ರ ಇಬ್ಬರಲ್ಲೂ ಅದೇ ತುಣುಕು. ಜೀನ್ ಕೆಟ್ಟರೆ ಇಡೀ ದೇಹಕ್ಕೆ ಹಾನಿ; ಎನ್‌ಹಾನ್ಸರ್ ಹೋದರೆ ಒಂದು ಅಂಗಕ್ಕಷ್ಟೇ. ನೆಲದೊಳಗೆ ನುಸುಳುವ ಪ್ರಾಣಿ ಆ ಅಂಗವಿಲ್ಲದೆಯೂ ಬದುಕಬಲ್ಲದು.

ಮನುಷ್ಯರ ಮಾತಿಗೆ ಬರೋಣ. ಆರು ಬೆರಳಿನ ಮಗು ಹುಟ್ಟಿದರೆ ಅದೃಷ್ಟ ಎನ್ನುವವರು ನಮ್ಮ ಕಡೆ ಇನ್ನೂ ಇದ್ದಾರೆ. ಗ್ರಹಣ ಹಿಡಿದಾಗ ತಾಯಿ ಹೊರಗೆ ಹೋಗಿದ್ದಳು ಎಂದು ಅವಳನ್ನು ದೂರುವವರೂ ಇದ್ದಾರೆ. ಎರಡನೆಯದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. 2003ರಲ್ಲಿ ಎಡಿನ್‌ಬರೋದ ಲಾರಾ ಲೆಟಿಸ್ ಮತ್ತು ಸಂಗಡಿಗರು ಹೆಬ್ಬೆರಳಿನ ಬದಿಯಲ್ಲಿ ಹೆಚ್ಚುವರಿ ಬೆರಳು ಬರುವ ಕುಟುಂಬಗಳನ್ನು ಪರೀಕ್ಷಿಸಿದರು. ಜೆಡ್‌ಆರ್‌ಎಸ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಹಾಗೆ ಬದಲಾದಾಗ ಮೊಗ್ಗಿನ ತಪ್ಪು ಅಂಚಿನಲ್ಲಿಯೂ ಸೋನಿಕ್ ಹೆಡ್ಜ್‌ಹಾಗ್ ಹೊತ್ತಿಕೊಳ್ಳುತ್ತದೆ, ಸಾಂಡರ್ಸ್ ಕೋಳಿಯಲ್ಲಿ ಕೈಯಾರೆ ಮಾಡಿದ್ದು ಇಲ್ಲಿ ತಾನಾಗಿ ಆಗುತ್ತದೆ. ಇದು ಪ್ರಬಲ ಲಕ್ಷಣ. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು. ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಕಿರುಬೆರಳಿನ ಬದಿಗೆ ಬರುವ ಆರನೆಯ ಬೆರಳಿನ ಹಿಂದೆ ಸಾಮಾನ್ಯವಾಗಿ ಬೇರೆ ಜೀನುಗಳಿರುತ್ತವೆ, ಆದ್ದರಿಂದ ಬೆರಳು ಯಾವ ಬದಿಗಿದೆ ಎಂದು ಮೊದಲು ನೋಡಬೇಕು. ವಂಶವೃಕ್ಷ ಬರೆಯುವ ಪ್ರಶ್ನೆಗೆ ನನ್ನ ಮಕ್ಕಳು ಈಗ ಪುಸ್ತಕದ ಚೌಕ ಮತ್ತು ವೃತ್ತಗಳನ್ನು ನಕಲು ಮಾಡುವುದಿಲ್ಲ. ಅಜ್ಜಿಯ ಹತ್ತಿರ ಕೂತು ಕೇಳಿ ಬರೆದು ತರುತ್ತಾರೆ. ಅಜ್ಜಿಯಂದಿರಿಗೆ ನಾಲ್ಕು ತಲೆಮಾರಿನ ಬೆರಳಿನ ಲೆಕ್ಕ ನೆನಪಿರುತ್ತದೆ.

ಬಾವಲಿಯ ಉದ್ದ ಬೆರಳಿಗೂ ಇಂಥದೇ ಉತ್ತರ ಸಿಗತೊಡಗಿದೆ. 2008ರಲ್ಲಿ ಬಾವಲಿಯ ಪಿಆರ್‌ಎಕ್ಸ್1 ಎಂಬ ಜೀನಿನ ಎನ್‌ಹಾನ್ಸರನ್ನು ಇಲಿಗೆ ಹಾಕಿದಾಗ ಇಲಿಯ ಮುಂಗಾಲು ಶೇಕಡಾ 6ರಷ್ಟು ಉದ್ದವಾಯಿತು. ರೆಕ್ಕೆಯೇನೂ ಆಗಲಿಲ್ಲ; ರೆಕ್ಕೆ ಒಂದೇ ತುಣುಕಿನ ಕೆಲಸವಲ್ಲ. ಬೆರಳುಗಳ ನಡುವಿನ ಚರ್ಮದ ವಿಚಾರ ಇನ್ನೂ ಸೊಗಸು. ಗರ್ಭದಲ್ಲಿ ನಮ್ಮ ಬೆರಳ ನಡುವೆಯೂ ಚರ್ಮ ಇರುತ್ತದೆ, ಅಲ್ಲಿನ ಕೋಶಗಳು ಸತ್ತು ಬೆರಳು ಬಿಡಿಯಾಗುತ್ತವೆ. ಬಾವಲಿಯಲ್ಲಿ ಆ ಕೋಶಗಳು ಸಾಯುವುದನ್ನು ತಡೆಯಲಾಗುತ್ತದೆ ಎಂದು ಬಹುಕಾಲ ಕಲಿಸಿದೆವು. 2025ರಲ್ಲಿ ಒಂದೊಂದೇ ಕೋಶವನ್ನು ಓದುವ ತಂತ್ರದಿಂದ ನೋಡಿದಾಗ ತಿಳಿದದ್ದು ಬೇರೆ: ಬಾವಲಿಯಲ್ಲಿಯೂ ಅವು ಸಾಯುತ್ತವೆ, ರೆಕ್ಕೆಯ ಪೊರೆ ಕಟ್ಟುವುದು ಬೇರೆಯೇ ಒಂದು ಕೋಶಗಳ ಗುಂಪು. ಆ ಗುಂಪನ್ನು ನಡೆಸುವ ಜೀನುಗಳು ಸಾಮಾನ್ಯವಾಗಿ ತೋಳಿನ ಬುಡದಲ್ಲಿ ಕೆಲಸ ಮಾಡುವಂಥವು. ಬಾವಲಿಯಲ್ಲಿ ಅವೇ ಬೆರಳುಗಳ ನಡುವೆ ಮತ್ತೆ ಕೆಲಸಕ್ಕಿಳಿದಿವೆ. ಪ್ರಶ್ನಕೋಶಗಳು ಇದನ್ನು ಸೇರಿಸಿಕೊಳ್ಳಲು ಇನ್ನೆಷ್ಟು ವರ್ಷ ಬೇಕೋ. ನಾನಂತೂ ಪಾಠದಲ್ಲಿ ಸೇರಿಸಿದ್ದೇನೆ.

ಕಣಕುಂಬಿಯ ಹುಡುಗ ಈಗ ಕೊನೆಯ ವರ್ಷದಲ್ಲಿದ್ದಾನೆ. ಅವನಿಗೆ ಹೆಬ್ಬಾವಿನ ಪ್ರಶ್ನೆ ಕೊಟ್ಟಿದ್ದೇನೆ. ಹೆಬ್ಬಾವಿನ ಗುದದ್ವಾರದ ಎರಡೂ ಬದಿಗೆ ಒಂದೊಂದು ಚಿಕ್ಕ ಕೊಕ್ಕೆ ಇರುತ್ತದೆ. ಅದು ಹಿಂಗಾಲಿನ ಅವಶೇಷ, ಒಳಗೆ ತೊಡೆಮೂಳೆಯ ತುಣುಕೂ ಇದೆ. ಅದರ ಭ್ರೂಣದಲ್ಲಿ ಕಾಲಿನ ಮೊಗ್ಗು ಮೂಡುತ್ತದೆ, ಸೋನಿಕ್ ಹೆಡ್ಜ್‌ಹಾಗ್ ಕ್ಷಣಕಾಲ ಹೊತ್ತಿ ಆರುತ್ತದೆ. ಹೆಬ್ಬಾವಿನಲ್ಲಿ ಇಷ್ಟಾದರೂ ಉಳಿದು, ಚೋರ್ಲಾದ ಸಿಸಿಲಿಯನ್ನಿನಲ್ಲಿ ಸೊಂಟದ ಮೂಳೆಯೂ ಉಳಿಯದೆ ಹೋದದ್ದು ಏಕೆ? ಜೆಡ್‌ಆರ್‌ಎಸ್ ಇಲ್ಲದ ಇಲಿಗೂ ಸೊಂಟ ಇರುತ್ತದೆ, ತೊಡೆ ಇರುತ್ತದೆ. ಹಾಗಾದರೆ ಸಿಸಿಲಿಯನ್ನಿನಲ್ಲಿ ಇನ್ನೂ ಏನೋ ಹೋಗಿರಬೇಕು. ಯಾವುದು, ಎಲ್ಲಿ ಎಂದು ಅವನು ಓದುತ್ತಿದ್ದಾನೆ.